ಉಪ್ಪಿಲ್ಲದ ಸೊಪ್ಪು

ಹುಲಿಯಮ್ಮ ಸೊಪ್ಪನ್ನು ಆಡಿಗೆ ಹಾಕಿದಳು ಎಂಬ ಮಾತು ಹುಟ್ಟಿದ್ದು ಕಾವಲಹಟ್ಟಿಯಲ್ಲಲ್ಲ. ಅದು ಹುಟ್ಟಿದ್ದು ಕಡೂರಿನ ಸ್ಟೇಷನ್ ರಸ್ತೆಯ ಒಂದು ಮಹಡಿ ಕೋಣೆಯಲ್ಲಿ, ಮಂಗಳವಾರ ಮಧ್ಯಾಹ್ನ. ಆ ಹೊತ್ತಿಗೆ ಅಲ್ಲಿದ್ದವರು ಮೂವರೇ. ಮಾತನ್ನು ಆಡಿದವರು ಡಾಕ್ಟರ್ ರಾಜಶೇಖರ್. ಜೀಪಿನ ಕೀಲಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತು ಕೇಳಿಸಿಕೊಂಡವನು ಡ್ರೈವರ್ ತೀರ್ಥಪ್ಪ. ನಕ್ಕವಳು ದೀಪಶ್ರೀ.

ಜೋರಾಗೇನೂ ನಗಲಿಲ್ಲ. ಆದರೆ ನಕ್ಕಿದ್ದು ನಿಜ.

ರಾಜಶೇಖರ್ ಒಂದು ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು. ಅವರ ಅಧ್ಯಯನ ರಕ್ತದ ಕೆಂಪು ಕಣಗಳು ಎಷ್ಟು ಬಾಗುತ್ತವೆ ಎಂಬುದರ ಮೇಲೆ. ಒಂದು ಕೆಂಪು ಕಣ ಸುಮಾರು ಎಂಟು ಮೈಕ್ರಾನ್ ಅಗಲ. ಮೈಯ ಅತಿ ಸಣ್ಣ ನಾಳಗಳು ಅದಕ್ಕಿಂತ ಕಿರಿದು. ಕಣ ಬಾಗಿ, ಮಡಚಿಕೊಂಡು ನುಸುಳಿದರೇನೇ ರಕ್ತ ಕಾಲ್ಬೆರಳಿನ ತುದಿಯವರೆಗೆ ಸಲೀಸಾಗಿ ಹರಿಯುವುದು. ರಕ್ತದೊತ್ತಡ ಇರುವ ಅನೇಕರಲ್ಲಿ ಈ ಕಣಗಳು ಗಡುಸಾಗಿರುತ್ತವೆ. ಮೈಯೊಳಗೇ ಹುಟ್ಟಿ ಕ್ಷಣಮಾತ್ರ ಬಾಳುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಅವುಗಳ ಮೆದುತನವನ್ನು ಕಾಯುತ್ತದೆ ಎಂಬುದಕ್ಕೆ ಪುರಾವೆಗಳಿವೆ. ಹರಿವೆ ಸೊಪ್ಪಿನಲ್ಲಿ ನೈಟ್ರೇಟ್ ಹೇರಳವಾಗಿದೆ. ಅದು ಮೈ ಸೇರಿ ಹಲವು ಹಂತ ದಾಟಿ ಕೊನೆಗೆ ಇದೇ ಅನಿಲವಾಗಬಲ್ಲದು. ಹಾಗಾದರೆ ದಿನಾ ಹರಿವೆ ಸೊಪ್ಪು ತಿಂದವರ ಕಣಗಳು ಹೆಚ್ಚು ಬಾಗುತ್ತವೆಯೇ? ಪ್ರಶ್ನೆ ಇಷ್ಟೇ.

ಹಟ್ಟಿಯಲ್ಲಿ ಇದನ್ನು ವಿವರಿಸಿದ ದಿನ ಎಪ್ಪತ್ತರ ಬೀರಪ್ಪ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡಿದ್ದ. "ಅಷ್ಟೇಯಾ? ಅರ್ಧ ತುಂಬಿದ ರಾಗಿ ಚೀಲನಾ ಕಿಟಕೀಲಿ ತೂರಿಸ್ಬೋದು. ಬಿಗಿದು ತುಂಬಿದ್ರೆ ತೂರಲ್ಲ. ನಮ್ ರಕ್ತದಾಗೆ ಚೀಲ ಬಿಗಿಯಾಗವೆ ಅನ್ನಿ" ಎಂದಿದ್ದ. ಅದಕ್ಕಿಂತ ಚೆನ್ನಾಗಿ ತಾನೂ ಹೇಳಲಾರೆ ಎಂದು ಡಾಕ್ಟರ್ ಒಪ್ಪಿಕೊಂಡಿದ್ದರು.

ಐವತ್ತು ದಾಟಿದ, ಸ್ವಲ್ಪ ಬಿ.ಪಿ. ಇರುವ ಅರವತ್ತು ಜನರನ್ನು ಆರಿಸಿದ್ದರು. ಅಜ್ಜಂಪುರದಲ್ಲಿ ಇಪ್ಪತ್ತು, ಎಮ್ಮೆದೊಡ್ಡಿಯ ಆಚೆ ಕಾವಲಹಟ್ಟಿಯಲ್ಲಿ ಇಪ್ಪತ್ತು. ಈ ಎರಡು ಗುಂಪಿಗೆ ನಲವತ್ತು ದಿನ, ತಲೆಗೆ ಇನ್ನೂರು ಗ್ರಾಂ ಹರಿವೆ ಸೊಪ್ಪಿನ ಮಧ್ಯಾಹ್ನದೂಟ. ತರೀಕೆರೆಯ ಇಪ್ಪತ್ತು ಜನಕ್ಕೆ ಸೊಪ್ಪಿನ ಬದಲು ಕುಂಬಳಕಾಯಿ. ಬಿ.ಪಿ.ಯವರಾದ್ದರಿಂದ ಉಪ್ಪನ್ನೂ ತೂಗಿಯೇ ಹಾಕಬೇಕು. ಅಜ್ಜಂಪುರದಲ್ಲಿ ಅಡುಗೆ ಕಾಮಾಕ್ಷಮ್ಮನವರದು, ಹಟ್ಟಿಯಲ್ಲಿ ಹುಲಿಯಮ್ಮನದು. ರಕ್ತ ತೆಗೆಯುವುದು, ವಾರಕ್ಕೆರಡು ಸಲ ಹೋಗಿ ಬಿ.ಪಿ. ನೋಡುವುದು, ಕಡೂರಿನ ಕೋಣೆಯಲ್ಲಿ ಕಣಗಳನ್ನು ಪರೀಕ್ಷಿಸುವುದು ದೀಪಶ್ರೀಯ ಕೆಲಸ. ಐದು ಮೈಕ್ರಾನ್ ತೂತುಗಳಿರುವ ತೆಳು ಹಾಳೆಯ ಮೂಲಕ ತೆಳುಗೊಳಿಸಿದ ರಕ್ತವನ್ನು ಹಾಯಿಸಿ, ಎಷ್ಟು ಸೆಕೆಂಡು ಹಿಡಿಯಿತು ಎಂದು ಅವಳು ಬರೆದುಕೊಳ್ಳುತ್ತಿದ್ದಳು. ಬಾಗುವ ಕಣ ಬೇಗ ಹಾಯುತ್ತದೆ.

ಮಂಗಳವಾರ ಮೂರೂ ಊರಿನ ಲೆಕ್ಕ ಮುಗಿಯಿತು. ಅಜ್ಜಂಪುರದ ಸರಾಸರಿ ನಲವತ್ತೆರಡು ಸೆಕೆಂಡಿನಿಂದ ಮೂವತ್ತೈದಕ್ಕೆ ಇಳಿದಿತ್ತು. ಕುಂಬಳಕಾಯಿ ತಿಂದ ತರೀಕೆರೆ ನಲವತ್ತೆರಡರಲ್ಲೇ ಇತ್ತು. ಕಾವಲಹಟ್ಟಿ ನಲವತ್ಮೂರು ಇದ್ದದ್ದು ನಲವತ್ಮೂರೇ.

ರಾಜಶೇಖರ್ ಹಾಳೆಯನ್ನು ಎರಡು ಸಲ ನೋಡಿದರು. "ಒಂದೇ ಸೊಪ್ಪು, ಒಂದೇ ತೂಕ. ಹಟ್ಟೀದು ಕದಲೇ ಇಲ್ಲ. ನಿಮ್ಮ ಡೈರೀಲಿ ಏನೋ ಇತ್ತಲ್ಲ, ದೂರು?"

"ಉಪ್ಪು ಸಾಲದು ಅಂತ ಸರ್. ಹನ್ನೊಂದು ಜನ ಹೇಳಿದಾರೆ."

"ಅಜ್ಜಂಪುರದಲ್ಲೂ ತಲೆಗೆ ಅದೇ ಎರಡು ಗ್ರಾಂ ಉಪ್ಪು. ಅಲ್ಲಿ ಒಬ್ಬರೂ ಹೇಳಿಲ್ಲ. ರುಚಿ ಇಲ್ಲ ಅಂದೋರು ತಿಂದಿರ್ತಾರಾ? ಹುಲಿಯಮ್ಮನ ಮನೇಲಿ ಆಡಿದಾವಾ?"

"ನಾಲ್ಕಿದಾವೆ ಸರ್."

"ಹಾಗಾದ್ರೆ ನಾವು ತಪ್ಪು ರಕ್ತ ತಂದಿದೀವಿ. ಆ ಆಡಿನ ರಕ್ತ ತೆಗೀಬೇಕಿತ್ತು ಕಣ್ರೀ, ಅದು ಚೆನ್ನಾಗಿ ಬಗ್ತಿರುತ್ತೆ."

ದೀಪಶ್ರೀ ನಕ್ಕಿದ್ದು ಇದಕ್ಕೆ.

ಬುಧವಾರ ತೀರ್ಥಪ್ಪ ಪಾತ್ರೆಗಳನ್ನು ವಾಪಸು ತರಲು ಎಮ್ಮೆದೊಡ್ಡಿ ಕಡೆ ಹೋದ. ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದ. ಶುಕ್ರವಾರ ಬೆಳಿಗ್ಗೆ ದೀಪಶ್ರೀಯ ಫೋನ್ ಬಡಿದುಕೊಂಡಿತು.

"ಮೇಡಮ್ಮಾರೆ, ಹುಲಿಯಮ್ಮ ಕಣ್ರೀ. ಒಂದ್ಮಾತು. ನಾನು ಸೊಪ್ನ ಆಡಿಗೆ ಹಾಕ್ದೆ ಅಂತ ಡಾಕ್ಟ್ರು ಅಂದ್ರಂತೆ, ಹೌದಾ?"

"ಯಾರು ಹೇಳಿದ್ರು ನಿಂಗೆ?"

"ಈಗ ಯಾರು ಹೇಳಾಕಿಲ್ಲ ಅಂತ ಕೇಳಿ. 'ನಿನ್ ಆಡು ತೋರ್ಸೇ, ಡಾಕ್ಟ್ರ ಸೊಪ್ಪು ತಿಂದು ಎಷ್ಟು ಕೊಬ್ಬವೆ ನೋಡಾನ' ಅಂತ ನಲ್ಲಿ ತಾವ ನಗ್ತಾರೆ."

"ಅಯ್ಯೋ, ತಮಾಷೆಗೆ ಅಂದಿದ್ದು ಹುಲಿಯಮ್ಮ. ತಲೆ ಕೆಡಿಸ್ಕೋಬೇಡ."

ಆ ಕಡೆ ದನಿ ತಗ್ಗಿತು. "ನಿಮ್ಗೆ ತಮಾಷೆ. ಇಸ್ಕೂಲಲ್ಲಿ ಮಕ್ಳಿಗೆ ಅಡ್ಗೆ ಮಾಡೋಳು ನಾನು. ದೊಡ್ಡೋರ ಸೊಪ್ಪೇ ಆಡಿಗೆ ಹಾಕ್ದೋಳು ಮಕ್ಳ ಬೇಳೆ ಬಿಡ್ತಾಳಾ ಅಂತ ಸೋಮವಾರ ಮೀಟಿಂಗ್ ಮಡಗವ್ರೆ. ನಾನು ಸೇರ್ದಾಗ ಎರಡು ಮನೆಯೋರು ಮಕ್ಳಿಗೆ ಡಬ್ಬಿ ಕಟ್ಟಿ ಕಳಿಸ್ತಿದ್ರು, ನಾನು ಮುಟ್ಟಿದ್ದು ಬ್ಯಾಡ ಅಂತ. ಅವ್ರಿಗೆ ಆರು ವರ್ಷದಿಂದ ಒಂದು ನೆಪ ಬೇಕಿತ್ತು, ಸಿಕ್ಕಿರ್ಲಿಲ್ಲ. ಈಗ ಸಿಕ್ತು ನೋಡಿ."

"ಡಾಕ್ಟರ್ ಹತ್ರ ಮಾತಾಡ್ತೀನಿ" ಎಂದಳು ದೀಪಶ್ರೀ.

ಮಾತಾಡಲಿಲ್ಲ. ಎರಡನೇ ಹಂತಕ್ಕೆ ಯಾರನ್ನು ಇಟ್ಟುಕೊಳ್ಳಬೇಕೆಂದು ರಾಜಶೇಖರ್ ಪಟ್ಟಿ ಮಾಡುತ್ತಿದ್ದರು. ಅದರಲ್ಲಿ ತನ್ನ ಹೆಸರಿದೆ, ಪ್ರಬಂಧದಲ್ಲೂ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಂಕಿಗಳು ಅಂಕಿಗಳೇ, ಹಟ್ಟಿಯವರು ಸೊಪ್ಪು ತಿನ್ನದಿದ್ದರೆ ತಾನೇನು ಮಾಡಲಿ? ಶುಕ್ರವಾರ ಅವಳು ತನಗೆ ತಾನೇ ಹೇಳಿಕೊಂಡದ್ದು ಇಷ್ಟು.

ಶನಿವಾರ ಅವಳು ಅಜ್ಜಂಪುರದ ಮನೆಯಲ್ಲಿದ್ದಳು. ಮೂರ್ನಾಲ್ಕು ದಿನದಿಂದ ವಸಡು ಊದಿಕೊಂಡಿತ್ತು. ಮನೆಯಲ್ಲಿ ಉಳಿದಿದ್ದ ಕೆಂಪು ಬಣ್ಣದ ಬಾಯಿ ಮುಕ್ಕಳಿಸುವ ಔಷಧಿಯನ್ನು ಊಟಕ್ಕೆ ಮುಂಚೆ ಒಂದೊಂದು ಮುಚ್ಚಳ ಹಾಕಿಕೊಳ್ಳುತ್ತಿದ್ದಳು. ಅವತ್ತೂ ಮುಕ್ಕಳಿಸಿ ತಟ್ಟೆಯ ಮುಂದೆ ಕೂತಳು. ಅವಳ ತಾಯಿ ಕಲ್ಲಮ್ಮ ಮುದ್ದೆಯ ಮೇಲೆ ಸಾರು ಬಿಟ್ಟರು. ಹರಿವೆ ಸೊಪ್ಪಿನ ಬಸ್ಸಾರು.

"ಅಮ್ಮ, ಉಪ್ಪೇ ಹಾಕಿಲ್ವಲ್ಲ."

ಕಲ್ಲಮ್ಮ ಬೆರಳಿಗೆ ಸಾರು ಅದ್ದಿ ನೆಕ್ಕಿ ನೋಡಿದರು. "ಸರಿಯಾಗಿದೆಯಲ್ಲೇ."

"ಸಪ್ಪೆ ಸಪ್ಪೆ. ಸೊಪ್ಪು ಬರೀ ನೀರಲ್ಲಿ ಬೇಯಿಸಿದ ಹಾಗಿದೆ."

"ಲೇ, ಮೂವತ್ತೈದು ವರ್ಷದಿಂದ ಸಾರು ಮಾಡ್ತಿದೀನಿ, ನಿಮ್ಮಪ್ಪನೂ ಹೀಗೆ ಅಂದಿಲ್ಲ. ನಿನ್ನ ನಾಲಿಗೆ ಕೆಟ್ಟಿದೆ ನೋಡ್ಕೋ ಹೋಗು. ಆ ಕೆಂಪು ನೀರು ಬಾಯಿಗೆ ಸುರ್ಕೊಂಡು ಸುರ್ಕೊಂಡು…"

ದೀಪಶ್ರೀಯ ಕೈ ಮುದ್ದೆಯ ಮೇಲೆಯೇ ನಿಂತಿತು.

ಆ ಬಾಟಲಿ ಎಲ್ಲಿಂದ ಬಂತು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಹಿಂದಿನ ವರ್ಷ ತರೀಕೆರೆಯ ಒಂದು ದಂತ ಶಿಬಿರದಲ್ಲಿ ಅವಳು ಕೆಲಸ ಮಾಡಿದ್ದಳು. ಶಿಬಿರ ಮುಗಿದ ಮೇಲೆ ನೂರು ಮಿಲಿಯ ಎಂಬತ್ಮೂರು ಬಾಟಲಿ ಉಳಿದಿದ್ದವು. ಮೂರು ಮನೆಯಲ್ಲಿದ್ದವು. ಎಂಬತ್ತನ್ನು ಕಾವಲಹಟ್ಟಿಗೆ ಕೊಟ್ಟಿದ್ದಳು, ತಲೆಗೆ ನಾಲ್ಕರಂತೆ.

ಮೊದಲ ದಿನ ಬೀರಪ್ಪನ ತೋಳಿಗೆ ಬಿ.ಪಿ. ಪಟ್ಟಿ ಕಟ್ಟುವಾಗ ಅವನು ಮುಖದ ಹತ್ತಿರಕ್ಕೇ ಬಾಗಿ ಏನೋ ಕೇಳಿದ್ದ. ಹೊಗೆಸೊಪ್ಪಿನ ಘಾಟು ಮೂಗಿಗೆ ರಾಚಿತ್ತು. ಅವನ ಹಿಂದೆ ಇನ್ನೂ ಹತ್ತೊಂಬತ್ತು ಜನ ಸಾಲಾಗಿ ಕೂತಿದ್ದರು. ಎರಡನೇ ಸಲ ಹೋಗುವಾಗ ಬಾಟಲಿಗಳ ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿದಳು. "ದಿನಾ ಊಟಕ್ಕೆ ಮುಂಚೆ ಒಂದು ಮುಚ್ಚಳ ಬಾಯಿಗೆ ಹಾಕಿ ಮುಕ್ಕಳಿಸಿ. ಬಾಯಿ ಶುಚಿಯಾಗಿರುತ್ತೆ" ಎಂದು ಹುಲಿಯಮ್ಮನ ಕೈಗೆ ಕೊಟ್ಟಳು. ತಾನು ಬರುವ ದಿನ ಮಾತ್ರ ಸಾಕಿತ್ತು. ಆದರೆ ಹಾಗೆಂದರೆ ಕಾರಣ ಬಯಲಾಗುತ್ತಿತ್ತು. ಅದಕ್ಕೇ 'ದಿನಾ' ಎಂದಿದ್ದಳು.

ಉಂಡು ಕೈ ತೊಳೆದು, ಬೀರುವಿನಿಂದ ಅಧ್ಯಯನದ ನಿಯಮಗಳ ಪುಸ್ತಕ ತೆಗೆದಳು. ಪ್ರತಿ ಪುಟದ ಕೆಳಗೂ 'ಓದಿದ್ದೇನೆ' ಎಂಬುದರ ಮುಂದೆ ಅವಳದೇ ಸಹಿ. ಹದಿನಾಲ್ಕನೇ ಪುಟದಲ್ಲಿ ಇತ್ತು: ಭಾಗವಹಿಸುವವರು ಬ್ಯಾಕ್ಟೀರಿಯಾ ಕೊಲ್ಲುವ ಬಾಯಿ ಮುಕ್ಕಳಿಸುವ ದ್ರವಗಳನ್ನು ಬಳಸಕೂಡದು. ಕಾರಣವನ್ನೂ ಎರಡು ಸಾಲಿನಲ್ಲಿ ಕೊಟ್ಟಿದ್ದರು. ಸೊಪ್ಪಿನ ನೈಟ್ರೇಟ್ ರಕ್ತ ಸೇರಿ, ಅಲ್ಲಿಂದ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನುಂಗಿದ ಆ ನೈಟ್ರೈಟೇ ಮುಂದೆ ನೈಟ್ರಿಕ್ ಆಕ್ಸೈಡ್ ಆಗುವುದು. ಬಾಯಿಯ ಬ್ಯಾಕ್ಟೀರಿಯಾ ಸತ್ತರೆ ದಾರಿ ಅಲ್ಲಿಗೇ ಕಡಿಯುತ್ತದೆ.

ಆಯ್ಕೆಯ ಅರ್ಜಿ ನಮೂನೆಯಲ್ಲೂ ಅಂಥ ದ್ರವ ಬಳಸುತ್ತೀರಾ ಎಂಬ ಪ್ರಶ್ನೆ ಇತ್ತು, ಹದಿನೇಳನೆಯದು. ಅಜ್ಜಂಪುರದಲ್ಲಿ ಇಪ್ಪತ್ತು ಜನರನ್ನೂ ಅವಳು ಅದನ್ನು ಕೇಳಿದ್ದಳು. ಹಟ್ಟಿಯವರ ನಮೂನೆಗಳಲ್ಲಿ ಮಾತ್ರ ಕಡೂರಿನ ಕೋಣೆಯಲ್ಲೇ ಕೂತು ಇಪ್ಪತ್ತಕ್ಕೂ 'ಇಲ್ಲ' ಎಂದು ಗುರುತು ಹಾಕಿದ್ದಳು. ಹಟ್ಟಿಯಲ್ಲಿ ಅಂಥದ್ದನ್ನು ಯಾರು ಬಳಸುತ್ತಾರೆ, ಕೇಳಿದರೆ ನಗೆಪಾಟಲು ಎನ್ನಿಸಿತ್ತು.

ಅನುಮಾನಕ್ಕೆ ಅವಕಾಶವಿರಬಾರದೆಂದು ಇನ್ನೊಂದು ಕೆಲಸ ಮಾಡಿದಳು. ಜೊಲ್ಲಿನ ನೈಟ್ರೈಟ್ ತೋರಿಸುವ ಕಾಗದದ ಪಟ್ಟಿಗಳು ಅಧ್ಯಯನ ಮುಗಿದ ಮೇಲೆ ತಡವಾಗಿ ಬಂದು ಅವಳ ಚೀಲದಲ್ಲೇ ಉಳಿದಿದ್ದವು. ಊಟವಾಗಿ ಎರಡು ಗಂಟೆ ಬಿಟ್ಟು ತಾಯಿಯ ಮುಂದೆ ನಿಂತಳು.

"ನಾಲಿಗೆ ಚಾಚಮ್ಮ."

"ಯಾಕೇ? ಉಪ್ಪು ಹಾಕಿಲ್ಲ ಅಂತ ಶಿಕ್ಷೆಯಾ?"

ಕಲ್ಲಮ್ಮನ ನಾಲಿಗೆಗೆ ತಾಗಿಸಿದ ಪಟ್ಟಿ ನಿಮಿಷದೊಳಗೆ ದಾಸವಾಳದಷ್ಟು ಕೆಂಪಾಯಿತು. ತನ್ನ ನಾಲಿಗೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಐದು ನಿಮಿಷ ಕಾದಳು. ಅದು ಬಿಳುಪಾಗಿಯೇ ಇತ್ತು. ಇಬ್ಬರೂ ಉಂಡದ್ದು ಒಂದೇ ಪಾತ್ರೆಯ ಸಾರು.

"ಏನಾದ್ರೂ ಕಾಯಿಲೆಯೇನೇ ನಂಗೆ?"

"ನಿಂಗಲ್ಲಮ್ಮ" ಎಂದಳು ದೀಪಶ್ರೀ.

ಸಂಜೆಯವರೆಗೆ ಅವಳ ತಲೆಯಲ್ಲಿ ಒಂದೇ ವಾದ ನಡೆಯಿತು. ಹಟ್ಟಿಯವರ ರಕ್ತದ ಒಂದು ಪಾಲು ಶೈತ್ಯಪೆಟ್ಟಿಗೆಯಲ್ಲಿದೆ. ಮುಂದಿನ ತಿಂಗಳು ಅದರಲ್ಲಿ ನೈಟ್ರೇಟ್ ಅಳೆಯುತ್ತಾರೆ. ಸೊಪ್ಪು ತಿಂದವರ ನೈಟ್ರೇಟ್ ಏರಿಯೇ ಇರುತ್ತದೆ. ಆಗ ಹುಲಿಯಮ್ಮ ಕದ್ದಿಲ್ಲವೆಂದು ತಾನಾಗಿಯೇ ಗೊತ್ತಾಗುತ್ತದೆ. ತಾನು ಬಾಯಿ ಬಿಡಬೇಕಾಗಿಯೇ ಇಲ್ಲ. ಆದರೆ ಮೀಟಿಂಗ್ ಇರುವುದು ಮುಂದಿನ ತಿಂಗಳಲ್ಲ, ಸೋಮವಾರ.

ಇನ್ನೊಂದು ಸಂಗತಿಯೂ ಬಿಡದೆ ಚುಚ್ಚುತ್ತಿತ್ತು. ಕಾಮಾಕ್ಷಮ್ಮನವರ ಗುಂಪಿನಲ್ಲೂ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಜಗಿಯುವವರು ಏಳು ಜನರಿದ್ದರು. ಅವಳೇ ನಮೂನೆಯಲ್ಲಿ ಬರೆದುಕೊಂಡಿದ್ದಳು. ಅಲ್ಲಿ ಘಾಟು ಬಂದಿರಲಿಲ್ಲವೇ? ಬಂದಿತ್ತು. ಸಹಿಸಿಕೊಂಡಿದ್ದಳು. ಅಲ್ಲಿ ಅವರು ಕೊಟ್ಟ ಕಾಫಿಯನ್ನೂ ಕುಡಿದಿದ್ದಳು. ಹಟ್ಟಿಯಲ್ಲಿ ನಲವತ್ತು ದಿನದಲ್ಲಿ ಒಂದು ಲೋಟ ನೀರೂ ಮುಟ್ಟಿರಲಿಲ್ಲ. ಮನೆಯಿಂದ ತಂದ ಡಬ್ಬಿಯೂಟವನ್ನು ಜೀಪಿನಲ್ಲೇ ಕೂತು ತಿಂದು ಬರುತ್ತಿದ್ದಳು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ತರೀಕೆರೆಗೆ ಹೋದಳು. ರಾಜಶೇಖರ್ ಅಲ್ಲಿ ಹೆಂಡತಿಯ ತೌರಿನಲ್ಲಿ ಉಳಿದಿದ್ದರು. ಜಗಲಿಯಲ್ಲಿ ಕೂರಿಸಿ ಬಾಟಲಿಗಳ ಸಂಗತಿಯನ್ನೆಲ್ಲ ಕೇಳಿಸಿಕೊಂಡರು.

"ಯಾವ ದ್ರವ? ಕ್ಲೋರ್‌ಹೆಕ್ಸಿಡಿನ್?"

"ಹೌದು ಸರ್."

"ಅದು ಉಪ್ಪಿನ ರುಚೀನ ಮಂಕು ಮಾಡುತ್ತೆ. ಗೊತ್ತಿರೋ ವಿಷಯ. ಉಪ್ಪು ಸಾಲದು ಅನ್ನೋ ದೂರು ನೋಡಿದಾಗ್ಲೇ ನಂಗೆ ಹೊಳೀಬೇಕಿತ್ತು." ಅವರು ಕನ್ನಡಕ ತೆಗೆದು ಒರೆಸಿದರು. "ನಲವತ್ತು ದಿನ, ಇಪ್ಪತ್ತು ಜನ, ಒಬ್ಬರದ್ದೂ ಕಣ ಕದಲಿಲ್ಲ ಅಂದ್ರೆ ಒಬ್ಬರೂ ಒಂದು ದಿನವೂ ಮುಕ್ಕಳಿಸೋದು ತಪ್ಪಿಸಿಲ್ಲ. ಆ ಹೆಂಗಸು ಎಂಥ ಶಿಸ್ತಿನೋಳು ನೋಡಿ. ನಾವು ಕೇಳಿದ್ದನ್ನೂ ಮಾಡಿದಾಳೆ, ಕೇಳಬಾರದ್ದನ್ನೂ ಮಾಡಿದಾಳೆ." ಕನ್ನಡಕ ಮತ್ತೆ ಹಾಕಿಕೊಂಡು, "ಯಾಕೆ ಕೊಟ್ರಿ?" ಎಂದರು.

"ಬಾಯಿ ಶುಚಿಯಾಗಿರ್ಲಿ ಅಂತ ಸರ್."

ಅವರು ಅವಳ ಮುಖವನ್ನೇ ನೋಡಿದರು. ಇನ್ನೇನೂ ಕೇಳಲಿಲ್ಲ.

"ಆ ಗುಂಪನ್ನು ಬಿಡ್ಬೇಕಾಗುತ್ತೆ. ನೈತಿಕ ಸಮಿತಿಗೆ ಎಲ್ಲಾ ಬರೀಬೇಕು, ಅಲ್ಲಿ ನಿಮ್ಮ ಹೆಸರು ತಪ್ಪಲ್ಲ. ಎರಡನೇ ಹಂತದ ವಿಷಯ ಆಮೇಲೆ ನೋಡೋಣ. ಆಡಿನ ಮಾತು ನನ್ನ ತಪ್ಪು. ಶಾಲೆಗೆ ನಾನೇ ಕಾಗದ ಕೊಡ್ತೀನಿ."

ಕೊಟ್ಟ ಕಾಗದ ಐದು ಸಾಲಿನದು. 'ಕಾವಲಹಟ್ಟಿ ಗುಂಪಿನ ಫಲಿತಾಂಶವನ್ನು ತಾಂತ್ರಿಕ ಕಾರಣಗಳಿಂದ ಕೈಬಿಡಲಾಗಿದೆ. ಇದಕ್ಕೆ ಅಡುಗೆಯವರು ಹೊಣೆಯಲ್ಲ' ಎಂದಿತ್ತು.

"ತಾಂತ್ರಿಕ ಕಾರಣ ಅಂದ್ರೆ ಸಾಕು. ಊರಿಗೆಲ್ಲ ನಿಮ್ಮ ಹೆಸರು ಯಾಕೆ" ಎಂದರು. ದೀಪಶ್ರೀಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇಳಿದದ್ದಕ್ಕೆ ಬಸ್ಸಿನಲ್ಲಿ ನಾಚಿಕೆಯೂ ಆಯಿತು.

ಕಡೂರಿನಲ್ಲಿ ಬಸ್ಸು ಬದಲಿಸಿ, ಎಮ್ಮೆದೊಡ್ಡಿಯಿಂದ ಆಟೋ ಹಿಡಿದು ಹಟ್ಟಿ ಮುಟ್ಟುವಾಗ ಮೂರು ಗಂಟೆ. ಹುಲಿಯಮ್ಮ ಮನೆ ಮುಂದಿನ ಬೇವಿನ ಮರದಡಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೀರಪ್ಪ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ನಾಲ್ಕು ಆಡುಗಳು ಬೇಲಿಗೆ ಕಟ್ಟಿದ್ದವು. ಅವು ಬಡಕಲಾಗಿಯೇ ಇದ್ದವು.

"ಹುಲಿಯಮ್ಮ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು."

ಹುಲಿಯಮ್ಮನ ಕೈ ನಿಂತಿತು. "ಇದೇನು ಮೇಡಮ್ಮಾರೆ, ಯಾವತ್ತೂ 'ನೀನು' ಅಂತಿದ್ದೋರು ಇವತ್ತು 'ನಿಮ್ಮ' ಅಂತೀರಿ? ಏನೋ ಕೆಟ್ಟದ್ದೇ ಹೇಳಾಕೆ ಬಂದಿರ್ಬೇಕು."

ಅಜ್ಜಂಪುರದಲ್ಲಿ ಕಾಮಾಕ್ಷಮ್ಮನವರಿಗೆ ಮೊದಲ ದಿನದಿಂದಲೂ 'ನೀವು'. ಹುಲಿಯಮ್ಮ ಅವರಿಗಿಂತ ಎರಡು ವರ್ಷ ದೊಡ್ಡವಳು. ಅಡುಗೆಯವರ ನಮೂನೆಯಲ್ಲಿ ವಯಸ್ಸು ಬರೆದುಕೊಂಡದ್ದೂ ತಾನೇ. ದೀಪಶ್ರೀ ಕಾಗದ ಚಾಚಿದಳು.

ಹುಲಿಯಮ್ಮ ಏಳನೇ ತರಗತಿ ಓದಿದವಳು. ತುಟಿ ಆಡಿಸುತ್ತ ಓದಿದಳು. ಎರಡನೇ ಸಲ ಓದಿದಳು.

"ತಾಂತ್ರಿಕ ಕಾರಣ ಅಂದ್ರೆ ಏನು?"

"ಮಿಸನ್ನು ಕೆಟ್ಟೋಯ್ತು ಅಂತ ಕಣಮ್ಮ. ಕರೆಂಟ್ ಆಫೀಸ್ನೋರು ಅಂಗೇ ಬರೀತಾರೆ" ಎಂದ ಬೀರಪ್ಪ.

"ಮಿಸನ್ನು ಕೆಟ್ಟಿತ್ತಾ ಮೇಡಮ್ಮಾರೆ?"

"ಇಲ್ಲ."

"ಮತ್ತೆ ಇದ್ರಾಗೆ ನಾನು ಸೊಪ್ಪು ಆಡಿಗೆ ಹಾಕ್ಲಿಲ್ಲ ಅಂತ ಎಲ್ಲೈತೆ? ಹೊಣೆಯಲ್ಲ ಅಂದ್ರೆ, ಮಾಡವ್ಳೆ, ಹೋಗ್ಲಿ ಬಿಡಿ ಅಂದಂಗೂ ಆಯ್ತದೆ. ಆ ಎರಡು ಮನೆಯೋರು ಅಂಗೇ ಓದ್ತಾರೆ."

ಅದು ನಿಜವಾಗಿತ್ತು. ದೀಪಶ್ರೀ ಮೊರದ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕೆಂಪು ನೀರು, ನಾಲಿಗೆಯ ಹಿಂದಿನ ಬ್ಯಾಕ್ಟೀರಿಯಾ, ಕಡಿದ ದಾರಿ, ತಾಯಿಯ ಸಾರು, ಬಿಳಿಯ ಪಟ್ಟಿ. ಸೊಪ್ಪು ಅವರೆಲ್ಲರ ಹೊಟ್ಟೆ ಸೇರಿದೆ, ಆದರೆ ತಾನು ಕೊಟ್ಟ ನೀರು ಅದರ ಗುಣವನ್ನು ಬಾಯಲ್ಲೇ ಕೊಂದಿದೆ ಎಂದಳು.

ಬೀರಪ್ಪ ಹುಬ್ಬೇರಿಸಿದ. "ಥೂ ಅದ್ರ! ನಾವು ಕೆಂಪ್ನೀರೇ ಔಸ್ದಿ, ಸೊಪ್ಪು ಬರೀ ಪಥ್ಯ ಅಂದ್ಕಂಡಿದ್ವಲ್ಲ! ಇವ್ಳು ಪೋಲೀಸ್ನಂಗೆ ನಿಂತ್ಕಂಡು, ಮುಕ್ಕಳಿಸ್ದೆ ಇದ್ರೆ ತಟ್ಟೆ ಮುಟ್ಟಾಕೂ ಬಿಡ್ತಿರ್ಲಿಲ್ಲ. ಒಂದಿನ ನಾನು ಮುಕ್ಕಳಿಸ್ದಲೇ ಕದ್ದು ಉಗುಳ್ದೆ ಅಂತ ಇನ್ನೊಂದು ಮುಚ್ಚಳ ಹಾಕ್ಸಿದ್ಳು."

"ಡಾಕ್ಟ್ರು ಕೊಟ್ಟಿದ್ದು ಅಂದ್ಮೇಲೆ ಬಿಡಾಕಾಯ್ತದಾ?" ಎಂದಳು ಹುಲಿಯಮ್ಮ. "ಉಪ್ಪು ಉಪ್ಪು ಅಂತ ಎಲ್ರೂ ನನ್ ಜೀವ ತಿಂದ್ರು. ಒಂದು ಹರಳು ಜಾಸ್ತಿ ಹಾಕ್ಲಿಲ್ಲ. ತೂಗಿದ್ದೇ ತೂಗಿದ್ದು." ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ಈಗ ಹೇಳಿದ್ರಲ್ಲ, ಇದನ್ನೆಲ್ಲ ಬರ್ದು ಕೊಡಿ."

ದೀಪಶ್ರೀ ಕಾಗದ ತಿರುಗಿಸಿ, ಖಾಲಿ ಬದಿಯಲ್ಲಿ ಬರೆದಳು. ದಿನಾಂಕ ಹಾಕಿದಳು. ಹುಲಿಯಮ್ಮ ನಲವತ್ತು ದಿನವೂ ತೂಕ ತಪ್ಪದೆ ಅಡುಗೆ ಮಾಡಿ ಬಡಿಸಿದ್ದಾರೆ. ನಾನು ನಿಯಮ ಮೀರಿ ಕೊಟ್ಟ ಎಂಬತ್ತು ಬಾಟಲಿ ಔಷಧಿಯಿಂದ ಪರೀಕ್ಷೆ ಕೆಟ್ಟಿದೆ. ಆಡಿನ ಮಾತು ಸುಳ್ಳು. ಕೆಳಗೆ ಸಹಿ ಮಾಡಿ ಕೊಟ್ಟಳು.

ಹುಲಿಯಮ್ಮ ಓದಿ ಮುಗಿಸಿ ತಲೆಯೆತ್ತಿದಳು. "ಅಜ್ಜಂಪುರದೋರಿಗೂ ಕೊಟ್ಟಿದ್ರಾ, ಕೆಂಪ್ನೀರು?"

ಶನಿವಾರದಿಂದ ದೀಪಶ್ರೀ ಹೆದರುತ್ತಿದ್ದದ್ದು ಈ ಪ್ರಶ್ನೆಗೇ. ಡಾಕ್ಟರ್ ಕೇಳಿರಲಿಲ್ಲ.

"ಇಲ್ಲ."

"ತರೀಕೆರೆಯೋರಿಗೆ?"

"ಇಲ್ಲ."

"ನಮ್ಗೊಬ್ರಿಗೇ ಯಾಕೆ?"

ಆಡೊಂದು ಬೇಲಿಗೆ ಕೊಂಬು ಉಜ್ಜುತ್ತಿತ್ತು. ಬೀರಪ್ಪ ಬಾಯಿಗೆ ಹಾಕಲು ತೆಗೆದ ಹೊಗೆಸೊಪ್ಪನ್ನು ಅಂಗೈಯಲ್ಲೇ ಹಿಡಿದು ಕೂತಿದ್ದ. ಅವನಿಗೆ ಉತ್ತರ ಗೊತ್ತಾಗಿತ್ತು ಎಂದು ದೀಪಶ್ರೀಗೆ ಅನ್ನಿಸಿತು. ಬಾಟಲಿ ಕೊಟ್ಟ ದಿನವೇ ಗೊತ್ತಾಗಿತ್ತೇನೋ.

"ವಾಸನೆ ಅಂತ" ಎಂದಳು.

ಹುಲಿಯಮ್ಮ ಸಿ‌ಟ್ಟಾಗಲಿಲ್ಲ. ಕಾಗದವನ್ನು ಮಡಚದೆ ಹಾಗೇ ವಾಪಸು ಚಾಚಿದಳು. "ಅದನ್ನೂ ಬರೀರಿ."

ಸಹಿಯ ಕೆಳಗೆ ಎರಡು ಬೆರಳಷ್ಟು ಜಾಗವಿತ್ತು. ದೀಪಶ್ರೀ ಬರೆದಳು: 'ಔಷಧಿಯನ್ನು ಬೇರೆ ಎರಡು ಊರಿನವರಿಗೆ ಕೊಡಲಿಲ್ಲ. ಕಾವಲಹಟ್ಟಿಯವರ ಬಾಯಿ ವಾಸನೆ ಎಂದು ಅವರಿಗೆ ಮಾತ್ರ ಕೊಟ್ಟೆ.' ಮತ್ತೊಮ್ಮೆ ಸಹಿ ಹಾಕಿದಳು.

"ನಾಳೆ ಹತ್ತು ಗಂಟೆಗೆ ಮೀಟಿಂಗು. ನೀವೇ ಬಂದು ಓದಿ. ನಾನು ಓದಿದ್ರೆ ನಾನೇ ಬರ್ಕಂಡೆ ಅಂತಾರೆ" ಎಂದು ಹುಲಿಯಮ್ಮ ಮೊರವನ್ನು ಮಡಿಲಿಗೆ ಎಳೆದುಕೊಂಡಳು.

ಸೋಮವಾರ ಶಾಲೆಯ ಜಗಲಿಯಲ್ಲಿ ಸಮಿತಿಯ ಒಂಬತ್ತು ಜನ ಸೇರಿದ್ದರು. ದೀಪಶ್ರೀ ನಿಂತು ಎರಡೂ ಬದಿ ಓದಿದಳು. ಕೊನೆಯ ಸಾಲಿಗೆ ಬಂದಾಗ ದನಿ ಸಣ್ಣದಾಯಿತು. ಹಿಂದೆ ಕೂತಿದ್ದ ಯಾರೋ "ಕೇಳುಸ್ಲಿಲ್ಲ" ಎಂದರು. ಆ ಸಾಲನ್ನು ಇನ್ನೊಮ್ಮೆ, ಜೋರಾಗಿ ಓದಬೇಕಾಯಿತು. ಅಧ್ಯಕ್ಷ ಹನುಮಂತಪ್ಪ ಕಾಗದ ಇಸಿದುಕೊಂಡು ಫೈಲಿಗೆ ಸೇರಿಸಿದರು. ಡಬ್ಬಿ ಕಟ್ಟುತ್ತಿದ್ದ ಮನೆಯವರಲ್ಲೊಬ್ಬರು, "ಅಂಗಾದ್ರೆ ಆಡಿನ್ ಸುದ್ದಿ…" ಎಂದು ಶುರು ಮಾಡಿದರು.

"ಇಲ್ಲ ಅಂತ ಓದಿದ್ರಲ್ಲಪ್ಪ, ಎರಡೆರಡು ಸಲ. ಹುಲಿಯಮ್ಮ ಎಂದಿನಂಗೆ ಅಡ್ಗೆ ಮಾಡ್ತಾಳೆ. ಮುಂದಿನ್ ವಿಷ್ಯ, ನೀರಿನ ಟ್ಯಾಂಕು" ಎಂದರು ಹನುಮಂತಪ್ಪ.

ದೀಪಶ್ರೀ ಗೇಟಿನವರೆಗೆ ಬಂದಿದ್ದಳು. ಅಡುಗೆ ಕೋಣೆಯ ಬಾಗಿಲಿಂದ ಹುಲಿಯಮ್ಮ ಕರೆದಳು. ಮಕ್ಕಳಿಗೆ ಬಡಿಸುವ ಮುಂಚೆ ದಿನಾ ದೊಡ್ಡವರೊಬ್ಬರು ಉಂಡು ನೋಡಿ ಪುಸ್ತಕದಲ್ಲಿ ಬರೆಯಬೇಕು, ಅದು ಶಾಲೆಯ ನಿಯಮ. "ಇವತ್ತು ನೀವು ನೋಡಿ" ಎಂದು ತಟ್ಟೆ ಮುಂದಿಟ್ಟಳು. ಕೇಳಿದಂತಿರಲಿಲ್ಲ, ಹೇಳಿದಂತಿತ್ತು. ಜಗಲಿಯಿಂದ ಒಂಬತ್ತು ಜನವೂ ಇತ್ತಲೇ ನೋಡುತ್ತಿದ್ದರು.

ಅನ್ನ, ಸೊಪ್ಪಿನ ಸಾರು. ದೀಪಶ್ರೀ ಕಲಸಿ ಉಂಡಳು. ಶನಿವಾರ ಮಧ್ಯಾಹ್ನದಿಂದ ಅವಳು ಕೆಂಪು ನೀರು ಮುಟ್ಟಿರಲಿಲ್ಲ. ನಾಲಿಗೆ ಸರಿಹೋಗಿತ್ತು.

ಪುಸ್ತಕ ತೆರೆದಳು. ಎರಡು ಅಂಕಣಗಳಿದ್ದವು. 'ರುಚಿ' ಎಂಬುದರ ಕೆಳಗೆ 'ಉಪ್ಪು ಸರಿಯಿದೆ' ಎಂದು ಬರೆದಳು. ಇನ್ನೊಂದರ ತಲೆಯ ಮೇಲೆ 'ಶುಚಿ' ಎಂದಿತ್ತು. ಅಲ್ಲಿ ಪೆನ್ನು ನಿಂತಿತು. ಎಂಬತ್ತು ಬಾಟಲಿ ಕೊಡುವಾಗಲೂ, ನಿನ್ನೆ ಡಾಕ್ಟರ ಮುಂದೆ ಸುಳ್ಳು ಹೇಳುವಾಗಲೂ ಅವಳು ಬಳಸಿದ್ದು ಇದೇ ಪದವನ್ನು.

"ಬೇಗ ಬರೀರಿ, ಮಕ್ಳು ಕಾಯ್ತವ್ರೆ" ಎಂದಳು ಹುಲಿಯಮ್ಮ. ಸೌಟು ಹಿಡಿದು, ಬೇರೆ ಕಡೆ ನೋಡುತ್ತ.